ಸ್ವೀಡನ್ನಿನಲ್ಲಿ ಮೈಗ್ರೇನ್: ಮಾತ್ರೆಯ ಹೊತ್ತು, ದಿನಗಳ ಲೆಕ್ಕ

ಮಕ್ಕಳಿಗೆಲ್ಲಿಯ ಮೈಗ್ರೇನ್, ಶಾಲೆ ತಪ್ಪಿಸೋಕೆ ತಲೆನೋವಿನ ನೆಪ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಈ ಮಾತಿಗೆ ಸ್ವೀಡನ್ನಿನ ಉಪ್ಸಲಾ ಊರಿನಲ್ಲಿ 1955ರಲ್ಲೇ ಉತ್ತರ ಸಿಕ್ಕಿತ್ತು. ಬೂ ಬಿಲ್ಲೆ ಎಂಬ ಮಕ್ಕಳ ವೈದ್ಯರು ಅಲ್ಲಿನ 7ರಿಂದ 15 ವರ್ಷದ ಸುಮಾರು 9,000 ಶಾಲಾಮಕ್ಕಳ ತಲೆನೋವಿನ ಬಗ್ಗೆ ವಿಚಾರಿಸಿದರು. ನೂರಕ್ಕೆ ಹೆಚ್ಚುಕಡಿಮೆ ನಾಲ್ವರಿಗೆ ಮೈಗ್ರೇನ್ ಇತ್ತು. ಬಿಲ್ಲೆ ಅಷ್ಟಕ್ಕೇ ಬಿಡಲಿಲ್ಲ. ತೀವ್ರ ಮೈಗ್ರೇನ್ ಇದ್ದ 73 ಮಕ್ಕಳ ಬೆನ್ನುಹತ್ತಿ 40 ವರ್ಷ ಅವರ ಯೋಗಕ್ಷೇಮ ನೋಡಿದರು. ಇಪ್ಪತ್ತೈದರ ಪ್ರಾಯಕ್ಕೆ ಕಾಲುಭಾಗದಷ್ಟು ಮಂದಿಗೆ ನೋವು ಬಿಟ್ಟುಹೋಗಿತ್ತು. ಐವತ್ತರ ಆಸುಪಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇನ್ನೂ ಬರುತ್ತಲೇ ಇತ್ತು. ‘ದೊಡ್ಡವನಾದರೆ ಹೋಗುತ್ತೆ ಬಿಡಿ’ ಎನ್ನುವ ಸಮಾಧಾನ ಕೆಲವರ ಪಾಲಿಗೆ ಮಾತ್ರ ನಿಜ.

ಸ್ಟಾಕ್‌ಹೋಮಿನ ಶಿಸ್ತಾ, ಸೊಲೆಂಟೂನಾ, ಆ ಕಡೆ ಗೋಥೆನ್‌ಬರ್ಗ್‌ನಲ್ಲಿ ನೆಲೆಸಿರುವ ಕನ್ನಡದ ಮನೆಗಳಿಗೆ ಇದು ದೂರದ ಸಂಗತಿಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ವೈದ್ಯರು ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ನೂರಕ್ಕೆ 25 ಮಂದಿಗೆ ವರ್ಷದೊಳಗೆ ಮೈಗ್ರೇನ್ ಕಾಡಿತ್ತು. ಈ ಕಾಯಿಲೆ ವಂಶದಲ್ಲಿ ಹರಿದು ಬರುತ್ತದೆ. ವೀಸಾ ಕೇಳದೆ ಜೊತೆಗೇ ವಿಮಾನ ಹತ್ತುತ್ತದೆ.

ಒಳಗೆ ನಡೆಯುವುದೇನು? ಮುಖದ ಮತ್ತು ಮಿದುಳಿನ ಹೊದಿಕೆಯ ನೋವನ್ನು ಹೊತ್ತೊಯ್ಯುವ ಟ್ರೈಜೆಮಿನಲ್ ನರ ಕೆರಳಿ, ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಬಿಡುತ್ತದೆ. ರಕ್ತನಾಳಗಳು ಹಿಗ್ಗುತ್ತವೆ, ಬೆಳಕು ಮತ್ತು ಸದ್ದು ಚುಚ್ಚುತ್ತವೆ. ನೋವು ಏಳುವಾಗ ಕತ್ತಿನ ರಕ್ತದಲ್ಲಿ ಈ ರಾಸಾಯನಿಕ ಏರುತ್ತದೆಂದು 1990ರಲ್ಲಿ ತೋರಿಸಿದವರಲ್ಲಿ ಲುಂಡ್ ವಿಶ್ವವಿದ್ಯಾಲಯದ ಲಾರ್ಸ್ ಎಡ್ವಿನ್ಸನ್ ಒಬ್ಬರು. 2021ರ ಬ್ರೇನ್ ಪ್ರಶಸ್ತಿ ಅವರಿಗೂ ಅವರ ಜೊತೆಗಾರರಿಗೂ ಬಂತು. ಇಂದು ತಿಂಗಳಿಗೊಮ್ಮೆ ಚುಚ್ಚಿಸಿಕೊಳ್ಳುವ ಹೊಸ ಇಂಜೆಕ್ಷನ್‌ಗಳ ಬೇರು ಇದೇ ಶೋಧದಲ್ಲಿದೆ.

ಮಕ್ಕಳಲ್ಲಿ ಗುರುತಿಸುವುದು ಕಷ್ಟ, ಏಕೆಂದರೆ ಅವರದು ಬೇರೆಯೇ ರೂಪ. ದೊಡ್ಡವರಿಗೆ ಮದ್ದು ಮಾಡದಿದ್ದರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೆ ನೋವು ಎಳೆದರೆ, ಮಗುವಿಗೆ ಎರಡು ಗಂಟೆಯಲ್ಲೇ ಮುಗಿಯಬಹುದು. ಒಂದೇ ಬದಿ ಅಲ್ಲ, ಹಣೆಯ ಎರಡೂ ಕಡೆ ನೋವು. ಆಡುತ್ತಿದ್ದ ಹುಡುಗಿ ಇದ್ದಕ್ಕಿದ್ದಂತೆ ಬಿಳಿಚಿಕೊಳ್ಳುತ್ತಾಳೆ, ವಾಂತಿ ಮಾಡುತ್ತಾಳೆ, ಕತ್ತಲೆ ಕೋಣೆ ಹುಡುಕಿ ಮಲಗುತ್ತಾಳೆ. ಎದ್ದಾಗ ಏನೂ ಆಗಿಲ್ಲವೆಂಬಂತೆ ಊಟ ಕೇಳುತ್ತಾಳೆ. ಅದಕ್ಕೇ ಮನೆಯವರಿಗೆ ನಾಟಕ ಅನ್ನಿಸುವುದು. ಕೆಲವು ಮಕ್ಕಳಿಗೆ ತಲೆಯೇ ನೋಯದೆ ಹೊಟ್ಟೆನೋವಾಗಿ ಮತ್ತೆ ಮತ್ತೆ ಬರುವುದೂ ಉಂಟು.

ಕೆರಳಿಸುವುದು ಯಾವುದು ಎಂದು ಚೀಸ್, ಚಾಕೊಲೇಟ್‌ಗಳ ಪಟ್ಟಿ ಹಿಡಿದು ಕೂರುವವರಿದ್ದಾರೆ. ನನ್ನ ಮಟ್ಟಿಗೆ ಮೊದಲು ನೋಡಬೇಕಾದ್ದು ಮಗುವಿನ ಮಧ್ಯಾಹ್ನ. ಸ್ವೀಡನ್ನಿನ ಶಾಲೆಗಳಲ್ಲಿ ಊಟ ಉಚಿತ, ಆದರೆ ಕೆಲವೆಡೆ ಹನ್ನೊಂದಕ್ಕೂ ಮುಂಚೆಯೇ ಬಡಿಸಿಬಿಡುತ್ತಾರೆ. ಸಪ್ಪೆ ಸೊಪ್ಪು, ಬೇಯಿಸಿದ ಆಲೂಗಡ್ಡೆ ಸೇರದ ನಮ್ಮ ಮಗು ಕ್ನೆಕೆಬ್ರೋಡ್ ಎಂಬ ಗಟ್ಟಿ ಒಣರೊಟ್ಟಿಯ ಒಂದು ತುಂಡು ಕಡಿದು ಎದ್ದುಬಿಡುತ್ತದೆ. ಸಂಜೆ ನಾಲ್ಕಕ್ಕೆ ತಲೆ ಹಿಡಿದುಕೊಂಡು ಬಂದರೆ ಅಚ್ಚರಿಯೇನು? ಹಸಿವು, ನೀರು ಕುಡಿಯದಿರುವುದು, ನಿದ್ದೆಗೇಡು, ಇವೇ ದೊಡ್ಡ ಕಾರಣಗಳು. ಏಕಾದಶಿ, ಸಂಕಷ್ಟಿ ಉಪವಾಸ ಮಾಡುವ ಅಮ್ಮಂದಿರಿಗೂ ಇದೇ ಮಾತು. ಇಲ್ಲಿನ ಆಕಾಶವೂ ಕೈ ಜೋಡಿಸುತ್ತದೆ: ಜೂನಿನಲ್ಲಿ ಸ್ಟಾಕ್‌ಹೋಮಿಗೆ ಹದಿನೆಂಟು ಗಂಟೆಗೂ ಮೀರಿದ ಹಗಲು, ಡಿಸೆಂಬರಿನಲ್ಲಿ ಆರೇ ಗಂಟೆ. ಬೇಸಿಗೆಯಲ್ಲಿ ಮಕ್ಕಳ ಕೋಣೆಗೆ ದಪ್ಪ ಪರದೆ ಹಾಕಿ, ರಜೆಯಲ್ಲೂ ಮಲಗುವ ಹೊತ್ತು ಕೆಡದಂತೆ ನೋಡಿಕೊಳ್ಳುವುದು ಶೋಕಿಯಲ್ಲ, ಚಿಕಿತ್ಸೆ.

ಇನ್ನು ಮಾತ್ರೆ. ‘ಡಾಕ್ಟರ ಹತ್ತಿರ ಹೋದರೆ ಅಲ್ವೆದೋನ್ ತಗೊಂಡು ಮಲಗಿ ಅಂತಾರೆ, ಅಷ್ಟೇ’ ಎಂಬುದು ಇಲ್ಲಿನ ಭಾರತೀಯರ ನಿತ್ಯದ ದೂರು. ಅಲ್ವೆದೋನ್ ಎಂದರೆ ನಮ್ಮ ಪ್ಯಾರಸಿಟಮಾಲ್, ಇಪ್ರೆನ್ ಎಂದರೆ ಐಬುಪ್ರೊಫೆನ್. ಸಾಮಾನ್ಯವಾಗಿ ತಪ್ಪುವುದು ಮಾತ್ರೆಯ ಹೆಸರಲ್ಲ, ಹೊತ್ತು. ಮೈಗ್ರೇನ್ ಜೋರಾದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ನುಂಗಿದ್ದು ಅಲ್ಲೇ ಕೂತಿರುತ್ತದೆ, ಇಲ್ಲವೇ ವಾಂತಿಯಲ್ಲಿ ಹೋಗುತ್ತದೆ. ಆದ್ದರಿಂದ ತಡೆದು ನೋಡೋಣ ಎನ್ನದೆ, ನೋವು ಸಣ್ಣದಿರುವಾಗಲೇ ಪೂರ್ತಿ ಪ್ರಮಾಣ ಕೊಡಬೇಕು. ಮಕ್ಕಳಿಗೆ ಐಬುಪ್ರೊಫೆನ್ ತೂಕದ ಲೆಕ್ಕ: ಕಿಲೋಗೆ 7.5ರಿಂದ 10 ಮಿಲಿಗ್ರಾಂ, ಅಂದರೆ 25 ಕಿಲೋ ಮಗುವಿಗೆ ಸುಮಾರು 200 ಮಿಲಿಗ್ರಾಂ. ಆಸ್ಪಿರಿನ್ ಮಕ್ಕಳಿಗೆ ಬೇಡ. ಎರಡು ಗಂಟೆಯಲ್ಲಿ ಇಳಿಯದಿದ್ದರೆ ಮದ್ದು ಬದಲಾಗಬೇಕೆಂದು ಅರ್ಥ. ಮುಂದಿನ ಮೆಟ್ಟಿಲು ಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧಿಗಳು. ವೈದ್ಯರು ಮೈಗ್ರೇನ್ ಎಂದು ಗುರುತಿಸಿರುವ ವಯಸ್ಕರಿಗೆ ಸುಮಾಟ್ರಿಪ್ಟಾನಿನ ಸಣ್ಣ ಪೊಟ್ಟಣ ಇಲ್ಲಿನ ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆಯೂ ಸಿಗುತ್ತದೆ. ಹನ್ನೆರಡು ದಾಟಿದ ಮಕ್ಕಳಿಗೆ ಮೂಗಿಗೆ ಸಿಂಪಡಿಸುವ ರೂಪವಿದೆ. ಅದಕ್ಕೆ ವೈದ್ಯರ ಚೀಟಿ ಬೇಕು.

ಊರಿನಿಂದ ಸೂಟ್‌ಕೇಸಿನಲ್ಲಿ ಬರುವ ಮಾತ್ರೆಗಳ ಬಗ್ಗೆ ಒಂದು ಎಚ್ಚರ. ವ್ಯಾಸೋಗ್ರೇನಿನಲ್ಲಿ ಎರ್ಗೊಟಮೈನ್ ಇದೆ. ಅದನ್ನು ನುಂಗಿ 24 ಗಂಟೆಯೊಳಗೆ ಟ್ರಿಪ್ಟಾನ್ ತೆಗೆದುಕೊಂಡರೆ ರಕ್ತನಾಳಗಳು ಅಪಾಯಕಾರಿಯಾಗಿ ಬಿಗಿಯಬಹುದು. ಬೆಂಗಳೂರಿನ ಮಾತ್ರೆ, ಸ್ಟಾಕ್‌ಹೋಮಿನ ಮಾತ್ರೆ ಎಂದು ಎರಡು ಡಬ್ಬಿ ಇಟ್ಟುಕೊಂಡವರು ಎರಡನ್ನೂ ವೈದ್ಯರ ಮುಂದೆ ತೆರೆದು ತೋರಿಸಬೇಕು.

ಎಷ್ಟು ದಿನ ನುಂಗಿದಿರಿ ಎಂಬ ಲೆಕ್ಕವೂ ಅಷ್ಟೇ ಮುಖ್ಯ. ಟ್ರಿಪ್ಟಾನ್, ಎರ್ಗೊಟಮೈನ್ ಅಥವಾ ಕೆಫೀನ್ ಬೆರೆತ ಸಾರಿಡಾನ್‌ನಂಥ ಮಿಶ್ರಣಗಳನ್ನು ತಿಂಗಳಿಗೆ ಹತ್ತು ದಿನ, ಬರೀ ನೋವಿನ ಮಾತ್ರೆಯನ್ನು ಹದಿನೈದು ದಿನ ಮುಟ್ಟುತ್ತ ಮೂರು ತಿಂಗಳು ಕಳೆದರೆ, ಮಾತ್ರೆಯೇ ತಲೆನೋವು ತರಿಸತೊಡಗುತ್ತದೆ. ಫ್ರಿಜ್ ಬಾಗಿಲಿಗೆ ಅಂಟಿಸಿದ ಕ್ಯಾಲೆಂಡರ್ ಸಾಕು: ನೋವು ಶುರುವಾದ ಗಂಟೆ, ಹಿಂದಿನ ಊಟ, ನಿದ್ದೆ, ಮುಟ್ಟಿನ ದಿನ, ಮಾತ್ರೆ ಕೊಟ್ಟ ಗಂಟೆ, ಎರಡು ಗಂಟೆಯ ನಂತರ ಹೇಗಿತ್ತು. ವೈದ್ಯರು ಕೇಳುವುದು ಇದನ್ನೇ.

ದಾರಿ ಹೀಗೆ: ಮೊದಲು 1177ಕ್ಕೆ ಕರೆ, ಅಲ್ಲಿ ಹಗಲೂ ರಾತ್ರಿ ನರ್ಸ್ ಸಿಗುತ್ತಾರೆ. ನಂತರ ವೋರ್ಡ್‌ಸೆಂಟ್ರಾಲ್, ಅಂದರೆ ಬಡಾವಣೆಯ ಆರೋಗ್ಯ ಕೇಂದ್ರ. ಶಾಲೆಯ ನರ್ಸ್‌ಗೂ ತಿಳಿಸಿ. ಮಗು ನೋವೆಂದ ಕೂಡಲೇ ಮಾತ್ರೆ, ಮಲಗಲು ಜಾಗ ಸಿಗುವ ಏರ್ಪಾಡು ಅಲ್ಲೇ ಆಗಬೇಕು. ಸರ್ಕಾರಿ ರಿಯಾಯಿತಿಯ ಔಷಧಿ 18 ತುಂಬದವರಿಗೆ ಉಚಿತ. ತಿಂಗಳಿಗೆ ಹಲವು ದಿನ ಹಾಳಾಗುತ್ತಿರುವ ದೊಡ್ಡವರಿಗೆ ಪ್ರೊಪ್ರನಲೋಲ್, ಕ್ಯಾಂಡೆಸಾರ್ಟನ್, ಅಮಿಟ್ರಿಪ್ಟಿಲಿನ್‌ನಂಥ ತಡೆ ಔಷಧಗಳಿವೆ. ಮಕ್ಕಳಿಗೆ ಅವನ್ನು ಬರೆಯಲು ವೈದ್ಯರು ಹಿಂದೆಮುಂದೆ ನೋಡಿದರೆ ಉದಾಸೀನವೆಂದು ತಿಳಿಯಬೇಡಿ: 2017ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅಮಿಟ್ರಿಪ್ಟಿಲಿನ್, ಟೊಪಿರಾಮೇಟ್ ಎರಡೂ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಕಣ್ಣೆದುರು ಅಂಕುಡೊಂಕು ಮಿಂಚು ಕಾಣುವ ಮೈಗ್ರೇನ್ ಇರುವ ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಬಾರದು; ಪಾರ್ಶ್ವವಾಯುವಿನ ಅಪಾಯ ಹೆಚ್ಚು.

ಕಾಯಿಲೆ ಬಿದ್ದ ಹನ್ನೆರಡರೊಳಗಿನ ಮಗುವಿಗಾಗಿ ಮನೆಯಲ್ಲಿ ಉಳಿದರೆ ‘ವಾಬ್’ ಎಂಬ ಪರಿಹಾರ ಸಿಗುತ್ತದೆಂದು ಎಲ್ಲರಿಗೂ ಗೊತ್ತು. ಸ್ವಂತ ಮೈಗ್ರೇನಿಗೆ ಒಂದೊಂದೇ ದಿನ ರಜೆ ಹಾಕುವವರಿಗೆ ಮಾತ್ರ ಪ್ರತಿ ಸಲ ‘ಕಾರೆನ್ಸ್’ ಎಂಬ ಕಾಯಿಲೆ ರಜೆಯ ಆರಂಭದ ಕಡಿತ ಬಿದ್ದು ಸಂಬಳ ಸೋರುತ್ತದೆ. ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಹೀಗೆ ಮಲಗುವ ಸಂಭವವಿದ್ದರೆ, ವೈದ್ಯರ ಪತ್ರ ಲಗತ್ತಿಸಿ ಸಾಮಾಜಿಕ ವಿಮೆಯ ಕಚೇರಿಯಾದ ಫೋರ್ಸೆಕ್ರಿಂಗ್ಸ್‌ಕಾಸಾನ್‌ಗೆ ವಿಶೇಷ ರಕ್ಷಣೆ ಕೋರಿ ಅರ್ಜಿ ಹಾಕಿ. ಮಂಜೂರಾದರೆ ಆ ಕಡಿತವಿಲ್ಲ. ಇದು ದಯೆಯಲ್ಲ, ನೀವು ಕಟ್ಟುವ ತೆರಿಗೆಯ ಹಕ್ಕು.

ಎಲ್ಲ ತಲೆನೋವೂ ಮೈಗ್ರೇನ್ ಅಲ್ಲ. ಸಿಡಿಲಿನಂತೆ ಕ್ಷಣದಲ್ಲಿ ಎರಗಿದ ನೋವು, ಜ್ವರದ ಜೊತೆ ಕತ್ತು ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು ಕಂಡರೆ ಕಾಯದೆ 112ಕ್ಕೆ ಕರೆ ಮಾಡಿ. ಮಗು ದಿನಾ ಬೆಳಿಗ್ಗೆ ನೋವಿನಿಂದಲೇ ಎದ್ದು ವಾಂತಿ ಮಾಡುತ್ತಿದ್ದರೆ, ನಡಿಗೆ ಓಲಾಡುತ್ತಿದ್ದರೆ, ಅಂದೇ ವೈದ್ಯರಿಗೆ ತೋರಿಸಿ.