ಪತ್ರಿಕೆಯ ತುಣುಕೇ ಏಕೆ ಹಳದಿಯಾಯಿತು?

ಪ್ರಶ್ನೆ: ಎಂಪಿಎಂನಲ್ಲಿ ದುಡಿದ ಅಜ್ಜನ ಫೋಟೊ, ಪತ್ರ, ಪತ್ರಿಕೆ ತುಣುಕುಗಳು ಒಂದೇ ಟ್ರಂಕಿನಲ್ಲಿವೆ. ತುಣುಕುಗಳು ಮಾತ್ರ ಹಳದಿಯಾಗಿ ಪುಡಿಯಾಗುತ್ತಿವೆ. ಏಕೆ?
– ಓದುಗರು, ಪೇಪರ್ ಟೌನ್, ಭದ್ರಾವತಿ

ಉತ್ತರ: 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ (ಎಂಪಿಎಂ) ನೌಕರರಿಗೆ ಇದು ಗೊತ್ತಿದ್ದ ಸಂಗತಿ. ಪತ್ರಿಕಾ ಮುದ್ರಣ ಕಾಗದಕ್ಕೆ ಹೆಚ್ಚಾಗಿ ಮರವನ್ನು ಅರೆದ ತಿರುಳು ಬಳಸುತ್ತಾರೆ. ಮರದ ಲಿಗ್ನಿನ್ ಅದರಲ್ಲೇ ಉಳಿಯುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಗಟ್ಟುತ್ತದೆ, ಆಮ್ಲವೂ ಹುಟ್ಟುತ್ತದೆ. ಪಕ್ಕದ ಪತ್ರಕ್ಕೂ ಕಲೆ ಹತ್ತಿಸುತ್ತದೆ. ಮೊದಲು ತುಣುಕುಗಳನ್ನು ಬೇರೆ ಮಾಡಿ, ಸ್ಕ್ಯಾನ್ ಮಾಡಿಸಿ. ಲ್ಯಾಮಿನೇಷನ್ ಮಾತ್ರ ಖಂಡಿತ ಬೇಡ. ಬಿಡಿಸಲಾಗದು, ಒಳಗಿನ ಆಮ್ಲವೂ ಹೋಗದು. ಸೆಲ್ಲೊಟೇಪ್ ಅದಕ್ಕಿಂತ ವಾಸಿಯೇನಲ್ಲ.

ಫೋಟೊಗಳಿಗೆ ನಮ್ಮ ಮಳೆಗಾಲವೇ ಶತ್ರು. ಚಿತ್ರವಿರುವ ಜೆಲಾಟಿನ್ ಪದರ ತೇವ ಹೀರಿ ಅಂಟಾಗುತ್ತದೆ, ಬೂಷ್ಟಿಗೆ ಆಹಾರವಾಗುತ್ತದೆ. ಗೋಡೆಯ ಫ್ರೇಮಿನಲ್ಲಿ ಗಾಜಿಗೆ ಅಂಟಿದ ಚಿತ್ರವನ್ನು ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಉಳಿದವನ್ನು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಲಕೋಟೆಯಲ್ಲಿಡಿ. ಪಿವಿಸಿ ಕವರೂ ಅಂಟು ಹಾಳೆಯ ಆಲ್ಬಮ್ಮೂ ಆಗದು. ಶೇ 35ರಿಂದ 50ರ ತೇವಾಂಶ ಒಳ್ಳೆಯದು ಎನ್ನುತ್ತಾರೆ. ಜುಲೈನ ಶಿವಮೊಗ್ಗದಲ್ಲಿ ಅದು ಕನಸು! ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಹೊರಗೋಡೆಯಿಂದ ದೂರ, ನಡುಮನೆಯ ಬೀರುವಿನಲ್ಲಿಡಿ. ಅಟ್ಟ ಬೇಡ.

ಫೋಟೊದಲ್ಲಿರುವವರು ಯಾರೆಂದು ಹಿರಿಯರನ್ನು ಈಗಲೇ ಕೇಳಿ, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹಗುರವಾಗಿ ಬರೆದಿಡಿ.