ಹರೆಯದ ಮಕ್ಕಳ ಸಂಜೆ ಹೊತ್ತು

ಉತ್ತರ ಅಟ್ಲಾಂಟಿಕ್ ಸಾಗರದ ದ್ವೀಪರಾಷ್ಟ್ರ ಐಸ್‌ಲ್ಯಾಂಡ್. 1990ರ ದಶಕದಲ್ಲಿ ಅದರ ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟಿರಲಿಲ್ಲ. ಆದರೂ ಹದಿಹರೆಯದವರ ಕುಡಿತದಲ್ಲಿ ಅದು ಯುರೋಪಿನ ಮುಂಚೂಣಿಯಲ್ಲಿತ್ತು. ವಾರದ ಕೊನೆಯ ರಾತ್ರಿಗಳಲ್ಲಿ ರಾಜಧಾನಿ ರೇಕ್ಯಾವಿಕ್‌ನ ಬೀದಿಗಳಲ್ಲಿ ಅಮಲೇರಿದ ಹುಡುಗ ಹುಡುಗಿಯರ ಗುಂಪುಗಳೇ ಕಾಣುತ್ತಿದ್ದವು. 15-16 ವಯಸ್ಸಿನವರಲ್ಲಿ ಶೇ. 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಮತ್ತರಾಗಿದ್ದೆವೆಂದು 1998ರಲ್ಲಿ ಒಪ್ಪಿಕೊಂಡರು. ಶೇ. 23 ಮಂದಿ ದಿನವೂ ಸಿಗರೇಟು ಸೇದುತ್ತಿದ್ದರು, ಶೇ. 17 ಮಂದಿ ಗಾಂಜಾದ ರುಚಿ ನೋಡಿದ್ದರು.

ಮಾದಕ ವಸ್ತುಗಳ ಕೆಡುಕನ್ನು ಕುರಿತ ಉಪದೇಶ ಹೆಚ್ಚಿನ ಫಲ ಕೊಡಲಿಲ್ಲ. ಸಂಶೋಧಕರು ಬೇರೆ ದಾರಿ ಹಿಡಿದರು. 1992ರಿಂದ ಶಾಲೆಗಳಲ್ಲಿ ಪ್ರಶ್ನಾವಳಿ ಹಂಚಿ, ಕುಡಿತದ ಜೊತೆಗೆ ಮಕ್ಕಳ ದಿನಚರಿಯನ್ನೂ ಕೇಳಿದರು. ಸಂಜೆ ಎಲ್ಲಿರುತ್ತೀರಿ? ತಂದೆತಾಯಿಯರೊಡನೆ ಎಷ್ಟು ಹೊತ್ತು ಕಳೆಯುತ್ತೀರಿ? ವಾರಕ್ಕೆ ಎಷ್ಟು ಸಲ ಆಟಕ್ಕೆ ಹೋಗುತ್ತೀರಿ?

ಉತ್ತರಗಳಲ್ಲಿ ಒಂದು ಸಂಗತಿ ಎದ್ದು ಕಂಡಿತು. ವಾರಕ್ಕೆ ಮೂರು ನಾಲ್ಕು ಸಲ ತರಬೇತುದಾರರ ಕೈಕೆಳಗೆ ಆಟ, ಸಂಗೀತಗಳಲ್ಲಿ ತೊಡಗಿದವರು, ಹೆತ್ತವರೊಡನೆ ಹೆಚ್ಚು ಹೊತ್ತು ಇದ್ದವರು, ತಡರಾತ್ರಿ ಹೊರಗೆ ಅಲೆಯದವರು ಚಟಗಳಿಗೆ ಬೀಳುವುದು ಕಡಿಮೆ. ಸಾಮರಸ್ಯವಿರುವ ಮನೆಯವರು ಹೇಗೂ ಜೊತೆಗಿರುತ್ತಾರೆ, ಇದರಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಕೇಳಬಹುದು. ಪ್ರಶ್ನೆ ನ್ಯಾಯವೇ. ಆದರೆ ಐಸ್‌ಲ್ಯಾಂಡ್ ಜನ ಕಾದು ಕೂರಲಿಲ್ಲ. ಮಕ್ಕಳ ಸಂಜೆಯನ್ನೇ ಬದಲಿಸಲು ಹೊರಟರು.

13ರಿಂದ 16 ವಯಸ್ಸಿನವರು ಚಳಿಗಾಲದಲ್ಲಿ ರಾತ್ರಿ ಹತ್ತರ ಮೇಲೆ ಹಿರಿಯರಿಲ್ಲದೆ ಹೊರಗಿರಬಾರದೆಂಬ ನಿಯಮ ಬಂತು. ಇರುಳಲ್ಲೂ ಬೆಳಕಿರುವ ಬೇಸಿಗೆಯಲ್ಲಿ ಎರಡು ಗಂಟೆಯ ರಿಯಾಯಿತಿ. ಹೆತ್ತವರು ಒಪ್ಪಂದಗಳಿಗೆ ಸಹಿ ಹಾಕಿ, ಸರದಿಯಂತೆ ಬಡಾವಣೆಗಳಲ್ಲಿ ಗಸ್ತು ತಿರುಗಿದರು. ಮಕ್ಕಳನ್ನು ಬೀದಿಯಿಂದ ಕರೆದರೆ ಸಾಲದು, ಹೋಗಲು ಜಾಗವೂ ಬೇಕಲ್ಲ? ಅದಕ್ಕಾಗಿ ಆಟ, ಸಂಗೀತ, ನೃತ್ಯಗಳಿಗೆ ಸರಕಾರದ ಹಣ ಹರಿಯಿತು. ಬಡವರ ಮಕ್ಕಳೂ ಹೊರಗುಳಿಯದಿರಲೆಂದು ರೇಕ್ಯಾವಿಕ್ ನಗರಾಡಳಿತ 2007ರಿಂದ ಪ್ರತಿ ಮಗುವಿನ ಹವ್ಯಾಸದ ಶುಲ್ಕಕ್ಕೆ ನೆರವು ಕೊಡತೊಡಗಿತು.

ವಾರದ ದಿನಗಳಲ್ಲಿ ಹೆತ್ತವರೊಡನೆ ಆಗಾಗ ಅಥವಾ ಯಾವಾಗಲೂ ಇರುತ್ತೇವೆಂದವರು 1997ರಲ್ಲಿ ಶೇ. 23 ಇದ್ದರೆ, 2012ರಲ್ಲಿ ಶೇ. 46 ಆದರು. 2016ರ ಹೊತ್ತಿಗೆ ಮತ್ತರಾಗುವವರು ಶೇ. 5ಕ್ಕೂ, ದಿನವೂ ಸೇದುವವರು ಶೇ. 3ಕ್ಕೂ, ಗಾಂಜಾ ಮುಟ್ಟಿದವರು ಶೇ. 7ಕ್ಕೂ ಇಳಿದರು. ಅದೇ ಕಾಲದಲ್ಲಿ ಯುರೋಪಿನ ಬೇರೆ ದೇಶಗಳಲ್ಲೂ ಎಳೆಯರ ಕುಡಿತ ತಗ್ಗಿತು; ಆದ್ದರಿಂದ ಪೂರ್ತಿ ಶ್ರೇಯ ಈ ಯೋಜನೆಗೇ ಸಲ್ಲದು. ಆದರೂ ಇಳಿತ ಇಷ್ಟು ಕಡಿದಾಗಿದ್ದುದು ಅಪರೂಪ.

ಹೆತ್ತವರಿಗೆ ಸಂಶೋಧಕರು ಹೇಳಿದ್ದು ಸರಳ ಮಾತು. ಎಂದೋ ಒಮ್ಮೆ ಮಾಡುವ ದೊಡ್ಡ ಪ್ರವಾಸಕ್ಕಿಂತ ದಿನನಿತ್ಯದ ಒಡನಾಟ ಮುಖ್ಯ. ಒಟ್ಟಿಗೆ ಕೂತು ಉಣ್ಣುವಾಗ ವಿಶೇಷವೇನೂ ನಡೆಯದಿರಬಹುದು. ಆದರೆ ಮಗು ಇಂದು ಮಂಕಾಗಿದೆ ಎಂಬುದು ತಿಳಿಯುವುದು ನಿನ್ನೆಯೂ ಅದರ ಜೊತೆಗಿದ್ದವರಿಗೆ ಮಾತ್ರ.