ಧಾವಿಸುವ ರೈಲಿನಲ್ಲಿ ರೇಡಿಯೋ ಅಲೆಗಳು

ನಿಲ್ದಾಣವನ್ನು ದಾಟಿ ಓಡುವ ಎಂಜಿನ್ನಿನ ಸಿಳ್ಳು ಹತ್ತಿರ ಬರುವಾಗ ಏರುದನಿಯಲ್ಲಿಯೂ ದೂರ ಸರಿಯುವಾಗ ಇಳಿದನಿಯಲ್ಲಿಯೂ ಕೇಳಿಸುವುದನ್ನು ವಾಚಕರು ಗಮನಿಸಿರಬಹುದು. 1842ರಲ್ಲಿ ಆಸ್ಟ್ರಿಯಾದ ಡಾಪ್ಲರ್ ಪ್ರತಿಪಾದಿಸಿದ ಈ ತತ್ತ್ವವು ರೇಡಿಯೋ ಅಲೆಗಳಿಗೂ ಅನ್ವಯಿಸುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದ ರೈಲಿನಲ್ಲಿ ಮೊಬೈಲ್ ದೂರವಾಣಿಯನ್ನು ಬಳಸುವವನಿಗೆ ಇದರಿಂದ ಒದಗುವ ತೊಡಕು ಸ್ವಾರಸ್ಯಕರವಾಗಿದೆ.

ಗೋಪುರದಿಂದ ಹೊರಟ ಅಲೆಯು ಬೆಟ್ಟಗಳಿಗೂ ಕಟ್ಟಡಗಳಿಗೂ ಬಡಿದು ಹಲವು ದಾರಿಗಳಲ್ಲಿ ತಡವಾಗಿ ಬಂದು ಸೇರುತ್ತದೆ. ಸಂಕೇತಗಳನ್ನು ಒಂದೇ ವಾಹಕದ ಮೇಲೆ ಅತಿವೇಗವಾಗಿ ಕಳಿಸಿದರೆ ಹಿಂದಿನದರ ಪ್ರತಿಧ್ವನಿಯು ಮುಂದಿನದನ್ನು ಕೆಡಿಸುವುದು. ಆದುದರಿಂದ ನಾಲ್ಕನೆಯ ತಲೆಮಾರಿನ ಮೊಬೈಲ್ ವ್ಯವಸ್ಥೆಯಲ್ಲಿ ಸಂದೇಶವನ್ನು ನೂರಾರು ಉಪವಾಹಕಗಳಿಗೆ ಹಂಚಿ, ಪ್ರತಿಯೊಂದರಲ್ಲಿಯೂ ನಿಧಾನವಾಗಿ ರವಾನಿಸುತ್ತಾರೆ. ಒಂದು ಸಂಕೇತದ ಅವಧಿ ಸುಮಾರು 67 ಮೈಕ್ರೋಸೆಕೆಂಡು. ಉಪವಾಹಕಗಳ ನಡುವಣ ಅಂತರ 15 ಕಿಲೋಹರ್ಟ್ಸ್. ಈ ಎರಡು ಸಂಖ್ಯೆಗಳ ಗುಣಲಬ್ಧ ಒಂದೇ ಆಗಿರುವುದು ಆಕಸ್ಮಿಕವಲ್ಲ. ಒಂದು ಸಂಕೇತದ ಅವಧಿಯಲ್ಲಿ ನೆರೆಯ ಎರಡು ಉಪವಾಹಕಗಳ ಕಂಪನಗಳಿಗೆ ಸರಿಯಾಗಿ ಒಂದರಷ್ಟೇ ವ್ಯತ್ಯಾಸವಿದ್ದು, ಒಂದನ್ನು ಅಳೆಯುವಾಗ ಇನ್ನೊಂದರ ಧನ ಮತ್ತು ಋಣ ಭಾಗಗಳು ಪರಸ್ಪರ ಕಳೆದು ಸೊನ್ನೆಯಾಗುತ್ತವೆ. ಇಂತಹ ಏರ್ಪಾಡನ್ನು ಬೆಲ್ ಪ್ರಯೋಗಾಲಯದ ರಾಬರ್ಟ್ ಚಾಂಗ್ 1966ರಲ್ಲಿ ಪ್ರಕಟಿಸಿದನು.

ಸಂಕೇತವು ಮುಗಿಯುವವರೆಗೆ ಅಲೆಯ ದಾರಿ ಬದಲಾಗದಿದ್ದರೆ ಮಾತ್ರ ಈ ಲೆಕ್ಕ ಸರಿ. 2 ಗಿಗಾಹರ್ಟ್ಸ್ ಅಲೆಯ ಉದ್ದ 15 ಸೆಂಟಿಮೀಟರ್. ನಮ್ಮ ರೈಲು ಸೆಕೆಂಡಿಗೆ 83 ಮೀಟರ್ ಚಲಿಸುವುದರಿಂದ ಕಂಪನಾಂಕವು ಸುಮಾರು 555 ಹರ್ಟ್ಸಿನಷ್ಟು ಸರಿಯಬಲ್ಲುದು. ಎಲ್ಲ ಅಲೆಗಳೂ ಸಮನಾಗಿ ಸರಿದಿದ್ದರೆ ಗ್ರಾಹಕದ ಶ್ರುತಿಯನ್ನು ತಿದ್ದಿಕೊಂಡರೆ ಸಾಕಾಗುತ್ತಿತ್ತು. ಆದರೆ ಮುಂದಿನಿಂದ ಬರುವ ಅಲೆಯ ಕಂಪನಾಂಕ ಏರಿದರೆ, ಹಿಂದಿನಿಂದ ಪ್ರತಿಫಲಿಸಿ ಬರುವುದರದು ಇಳಿಯುತ್ತದೆ. ಪ್ರತಿಯೊಂದು ಉಪವಾಹಕವೂ ಹೀಗೆ ಎರಡು ಕಡೆಗೂ ಹರಡಿ, ನೆರೆಯವುಗಳೊಳಕ್ಕೆ ಸೋರುತ್ತದೆ. ವೇಗವು ಇಮ್ಮಡಿಯಾದರೆ ಸೋರುವ ಶಕ್ತಿಯು ಸುಮಾರು ನಾಲ್ಮಡಿಯಾಗುವುದು. ಗೋಪುರದ ಶಕ್ತಿಯನ್ನು ಹೆಚ್ಚಿಸಿಯೂ ಪ್ರಯೋಜನವಿಲ್ಲ. ಸಂದೇಶದೊಡನೆ ಸೋರಿಕೆಯೂ ಬೆಳೆಯುತ್ತದೆ! ಗೊತ್ತಾದ ಗುರುತು ಸಂಕೇತಗಳನ್ನು ನಡುನಡುವೆ ಕಳಿಸಿ ದಾರಿಯ ಸ್ಥಿತಿಯನ್ನು ಅಳೆಯುವುದುಂಟು. ಆದರೆ ಒಂದು ಮಿಲಿಸೆಕೆಂಡಿನೊಳಗೆ ರೈಲು ಅರ್ಧ ಅಲೆಯುದ್ದವನ್ನು ದಾಟಿಬಿಡುವುದರಿಂದ ಆ ಅಳತೆಯೂ ಬೇಗನೆ ಹಳತಾಗುತ್ತದೆ.

ಉಪವಾಹಕಗಳನ್ನು ದೂರದೂರವಿಟ್ಟು ಸಂಕೇತವನ್ನು ಮೊಟಕುಗೊಳಿಸುವುದು ಒಂದು ಪರಿಹಾರ. ಆಗ ಪ್ರತಿಧ್ವನಿಗಳ ಕಾಟ ಮತ್ತೆ ತಲೆಯೆತ್ತುವುದರಿಂದ ಈ ಉಪಾಯವನ್ನು ಮನಬಂದಂತೆ ಬಳಸಲಾಗದು. ಐದನೆಯ ತಲೆಮಾರಿನಲ್ಲಿ 15, 30, 60, 120 ಕಿಲೋಹರ್ಟ್ಸ್ ಅಂತರಗಳಿಗೆ ಅವಕಾಶವಿದೆ. 28 ಗಿಗಾಹರ್ಟ್ಸ್ ಅಲೆಯಲ್ಲಿ ಅದೇ ರೈಲು ಉಂಟುಮಾಡುವ ಸರಿತವು 7,700 ಹರ್ಟ್ಸಿಗೂ ಮಿಗಿಲು, ಎಂದರೆ ಹಳೆಯ ಅಂತರದ ಅರ್ಧಕ್ಕಿಂತ ಹೆಚ್ಚು. ಅಲ್ಲಿ 120 ಕಿಲೋಹರ್ಟ್ಸ್ ಅಂತರವನ್ನು ಬಳಸುತ್ತಾರೆ.